ಕುಂಬಳಕಾಯಿ, ಕಿತಾಪತಿ ಮತ್ತು ಒಂದು ಪೇಟೆ ಬೀದಿ

ಬೆಳಿಗ್ಗೆ ಎದ್ದು ನೋಡಿದರೆ ಊರಿನ ಮೇನ್ ರೋಡಿನಲ್ಲಿ ಹಸುಗಳು! ನಮ್ಮ ಕಡೆ ಇದು ಸುದ್ದಿಯೇ ಅಲ್ಲ ಬಿಡಿ, ಪಕ್ಕದಲ್ಲಿ ಗಾಡಿ ತಿರುಗಿಸಿಕೊಂಡು ಹೋಗ್ತಾ ಇರ್ತೀವಿ. ಆದರೆ ಅಮೆರಿಕದ ಮಿನೆಸೋಟಾ ರಾಜ್ಯದ ಅನೋಕಾ ಎಂಬ ಪುಟ್ಟ ಊರಿಗೆ ಇದು ನೂರು ವರ್ಷದ ಹಿಂದೆ ದೊಡ್ಡ ತಲೆನೋವಾಗಿತ್ತು. ಹ್ಯಾಲೋವೀನ್ ರಾತ್ರಿ ಕಳೆದು ಬೆಳಗಾದರೆ ಹಸುಗಳು ಬೀದಿಯಲ್ಲಿ, ಕಿಟಕಿ ಗಾಜಿನ ಮೇಲೆಲ್ಲ ಸೋಪು, ಹಿತ್ತಲಿನ ಕಕ್ಕಸುಗಳು ಅಡಿಮೇಲು. ಎಲ್ಲಾ ಊರಿನ ಹುಡುಗರದೇ ಕೆಲಸ.

ಇಂದು ಅಮೆರಿಕದ ಸಣ್ಣ ಊರುಗಳ ಹಳೇ ಪೇಟೆಗಳಲ್ಲಿ, ಅಂದರೆ ಅವರು ‘ಡೌನ್‌ಟೌನ್’ ಅನ್ನುವ ಜಾಗದಲ್ಲಿ, ಅಕ್ಟೋಬರ್ ಬಂತೆಂದರೆ ಮೆರವಣಿಗೆ, ವೇಷ, ಕುಂಬಳಕಾಯಿ ದೀಪಗಳ ಸಂಭ್ರಮ. ಸಿನಿಮಾ ನೋಡಿ ನಾವು ಹ್ಯಾಲೋವೀನ್ ಅಂದರೆ ದೆವ್ವದ ಹಬ್ಬ ಅಂದುಕೊಂಡಿದ್ದೀವಿ. ಆದರೆ ಊರು ಸೇರಿ ಬೀದಿಯಲ್ಲಿ ಮಾಡುವ ಈ ಆಚರಣೆಯ ಹಿಂದೆ ಇರುವುದು ದೆವ್ವಗಳ ಸಮಸ್ಯೆಯಲ್ಲ, ಹುಡುಗರ ಸಮಸ್ಯೆ!

ಹಬ್ಬ ಬಂದದ್ದೆಲ್ಲಿಂದ?

ನವೆಂಬರ್ 1 ಕ್ರೈಸ್ತರಿಗೆ ಸಕಲ ಸಂತರ ದಿನ. ಅದರ ಹಿಂದಿನ ರಾತ್ರಿಯೇ ಹ್ಯಾಲೋವೀನ್. ಅದಕ್ಕೂ ಹಿಂದೆ ಐರ್ಲೆಂಡ್ ಮತ್ತು ಸ್ಕಾಟ್ಲೆಂಡ್‌ನ ಕೆಲ್ಟಿಕ್ ಜನ ಇದೇ ಹೊತ್ತಿಗೆ, ಸುಗ್ಗಿ ಮುಗಿದು ಚಳಿಗಾಲ ಶುರುವಾಗುವಾಗ, ‘ಸಾವಿನ್’ ಎಂಬ ಹಬ್ಬ ಮಾಡುತ್ತಿದ್ದರು. ಅಲ್ಲಿ ಟರ್ನಿಪ್ ಗೆಡ್ಡೆ ಕೊರೆದು ದೀಪ ಇಡುವ ರೂಢಿ ಇತ್ತು. 19ನೇ ಶತಮಾನದಲ್ಲಿ ಅಮೆರಿಕಕ್ಕೆ ವಲಸೆ ಹೋದವರಿಗೆ ಅಲ್ಲಿ ಸಿಕ್ಕಿದ್ದು ಕುಂಬಳಕಾಯಿ. ಗಾತ್ರ ದೊಡ್ಡದು, ಕೊರೆಯುವುದೂ ಸುಲಭ.

ಹಬ್ಬದ ಜೊತೆ ಕಿತಾಪತಿಯೂ ಹಡಗು ಹತ್ತಿತ್ತು. ಇದು ನಮಗೇನೂ ಹೊಸದಲ್ಲ. ಕಾಮನ ಹುಣ್ಣಿಮೆಗೆ ಊರವರ ಸೌದೆ, ಬೆರಣಿ ಕದಿಯುವ ಹುಡುಗರನ್ನು ನೋಡಿದ್ದೀವಲ್ವಾ? ಹಾಗೇ ಇದು. ವರ್ಷಕ್ಕೊಂದು ರಾತ್ರಿ ‘ಏನು ಮಾಡಿದರೂ ನಡೆಯುತ್ತೆ’ ಅನ್ನುವ ಲೈಸೆನ್ಸು.

ಅನೋಕಾದ ಉಪಾಯ

ಅನೋಕಾದ ಹಿರಿಯರು ಕರ್ಫ್ಯೂ ಹಾಕಲು ಹೋಗಲಿಲ್ಲ. ಬದಲಿಗೆ 1920ರಲ್ಲಿ ಹುಡುಗರನ್ನೇ ಸೇರಿಸಿಕೊಂಡು ಬೀದಿಯಲ್ಲಿ ಮೆರವಣಿಗೆ ಮಾಡಿಸಿದರು. ಕೊನೆಗೆ ಎಲ್ಲರಿಗೂ ಪಾಪ್‌ಕಾರ್ನ್, ಕಡಲೆಕಾಯಿ, ಮಿಠಾಯಿ ಕೊಟ್ಟು ದೊಡ್ಡ ಬೆಂಕಿ ಹಾಕಿದರು. ಅಲ್ಲಿಯವರೆಗೆ ಕತ್ತಲಲ್ಲಿ ಕದ್ದುಮುಚ್ಚಿ ಬಳಸುತ್ತಿದ್ದ ಬೀದಿಯೇ ಒಂದು ರಾತ್ರಿಯ ಮಟ್ಟಿಗೆ ಅಧಿಕೃತವಾಗಿ ಹುಡುಗರ ಕೈಗೆ ಬಂತು.

ಇದು ಹಿಡಿಸಿಬಿಟ್ಟಿತು. 1937ರಲ್ಲಿ ಹೆರಾಲ್ಡ್ ಬ್ಲೇರ್ ಎಂಬ 12 ವರ್ಷದ ಹುಡುಗ, ಅನೋಕಾವನ್ನು ‘ವಿಶ್ವದ ಹ್ಯಾಲೋವೀನ್ ರಾಜಧಾನಿ’ ಎಂದು ಸಾರುವ ಘೋಷಣಾಪತ್ರ ಹಿಡಿದು ವಾಷಿಂಗ್ಟನ್‌ಗೆ ಹೋಗಿ ಬಂದ. ಎರಡನೇ ಮಹಾಯುದ್ಧದ ಕಾರಣ 1942 ಮತ್ತು 1943ರಲ್ಲಿ ಆಚರಣೆ ನಿಂತಿತ್ತು. ಆಮೇಲೆ ಮತ್ತೆ ಶುರುವಾಗಿ ಇಂದಿಗೂ ಊರಿನ ಹೆಗ್ಗುರುತಾಗಿ ಉಳಿದಿದೆ.

ಪೇಟೆ ಬೀದಿಯೇ ಯಾಕೆ?

ಇದರ ವ್ಯವಸ್ಥೆ ಸರಳ. ಸಂಜೆ ಕೆಲವು ಗಂಟೆ ಮೇನ್ ಸ್ಟ್ರೀಟಿಗೆ ಗಾಡಿ ಬಿಡುವುದಿಲ್ಲ. ವೇಷ ಹಾಕಿದ ಮಕ್ಕಳು ಚೀಲ ಹಿಡಿದು ಅಂಗಡಿಯಿಂದ ಅಂಗಡಿಗೆ ಹೋಗುತ್ತಾರೆ, ಅಂಗಡಿಯವರು ಮಿಠಾಯಿ ಹಾಕುತ್ತಾರೆ. ಕತ್ತಲಲ್ಲಿ ಗೊತ್ತಿಲ್ಲದ ಮನೆಗಳ ಬಾಗಿಲು ತಟ್ಟಬೇಕಾಗಿಲ್ಲ, ಕಾರುಗಳ ಭಯವೂ ಇಲ್ಲ ಅಂತ ಅಪ್ಪ ಅಮ್ಮಂದಿರಿಗೆ ಸಮಾಧಾನ. ಊರಾಚೆಯ ಮಾಲ್‌ಗಳಿಗೆ ಗಿರಾಕಿಗಳನ್ನು ಕಳೆದುಕೊಂಡ ಹಳೇ ಅಂಗಡಿಗಳಿಗೂ ಲಾಭ ಇದೆ. ಅವತ್ತು ಏನೂ ಮಾರಾಟ ಆಗದಿದ್ದರೂ ಇಡೀ ಊರು ಬಾಗಿಲ ಮುಂದೆ ನಡೆದುಹೋಗುತ್ತೆ.

ಇನ್ನೊಂದು ಸಣ್ಣ ಸಂಗತಿ. ಅಮೆರಿಕದಲ್ಲಿ ಬೇಸಿಗೆಗೆ ಒಂದು ಗಂಟೆ ಮುಂದಿಟ್ಟ ಗಡಿಯಾರವನ್ನು ಮೊದಲು ಅಕ್ಟೋಬರ್‌ನ ಕೊನೆಯ ಭಾನುವಾರ ಹಿಂದಕ್ಕೆ ಇಡುತ್ತಿದ್ದರು. 2007ರಿಂದ ಅದು ನವೆಂಬರ್‌ನ ಮೊದಲ ಭಾನುವಾರಕ್ಕೆ ಹೋಯಿತು. ಹಾಗಾಗಿ ಈಗ ಹ್ಯಾಲೋವೀನ್ ಸಂಜೆ ಗಡಿಯಾರದ ಲೆಕ್ಕದಲ್ಲಿ ಒಂದು ಗಂಟೆ ತಡವಾಗಿ ಕತ್ತಲಾಗುತ್ತೆ. ಚಿಕ್ಕ ಮಕ್ಕಳಿಗೆ ಬೆಳಕಿನಲ್ಲಿ ಒಂದು ಗಂಟೆ ಹೆಚ್ಚು!

ಕೀನ್: 30,581 ದೀಪ, ಒಂದು ರಾತ್ರಿ

ಈಗ ನಾವು ಕಾಲೇಜಿನವರು ಸ್ವಲ್ಪ ಗಮನ ಕೊಟ್ಟು ಓದಬೇಕಾದ ಕಥೆ. ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಕೀನ್, ಸುಮಾರು 23,000 ಜನರ ಊರು. 1991ರಲ್ಲಿ ಅಲ್ಲಿನ ಪೇಟೆಯಲ್ಲಿ ಕುಂಬಳಕಾಯಿ ಉತ್ಸವ ಶುರುವಾಯಿತು. ಮನೆಮನೆಯವರೂ ಶಾಲೆಯವರೂ ಕಾಯಿ ಕೊರೆದು ತರುತ್ತಿದ್ದರು. ಕಟ್ಟಡ ಕಟ್ಟುವಾಗ ನಿಲ್ಲಿಸುತ್ತಾರಲ್ಲ, ಅಂಥದೇ ಸ್ಕ್ಯಾಫೋಲ್ಡಿಂಗ್ ಮೇಲೆ ಸಾಲುಸಾಲಾಗಿ ಜೋಡಿಸಿ ದೀಪ ಹಚ್ಚುತ್ತಿದ್ದರು. 2013ರಲ್ಲಿ ಒಟ್ಟಿಗೆ 30,581 ಕುಂಬಳಕಾಯಿ ಉರಿಸಿ ಗಿನ್ನೆಸ್ ದಾಖಲೆ ಮಾಡಿದರು. ಊರಿನ ತಲೆಗೊಂದಕ್ಕಿಂತ ಹೆಚ್ಚು!

ಮರುವರ್ಷ, 2014ರ ಅಕ್ಟೋಬರ್‌ನಲ್ಲಿ, ಪೇಟೆಯಲ್ಲಿ ಉತ್ಸವ ಎಂದಿನಂತೆ ನಡೆಯುತ್ತಿತ್ತು. ಕೆಲವೇ ಬೀದಿ ಆಚೆ, ಕೀನ್ ಸ್ಟೇಟ್ ಕಾಲೇಜಿನ ಸುತ್ತಮುತ್ತ, ಉತ್ಸವದ ನೆಪದಲ್ಲಿ ದೊಡ್ಡ ದೊಡ್ಡ ಪಾರ್ಟಿಗಳು. ಹೊರ ಊರುಗಳಿಂದಲೂ ಯುವಕರು ಬಂದು ಸೇರಿದ್ದರು. ಬಾಟಲಿಗಳು ಹಾರಿದವು, ಕಾರು ಉರುಳಿತು, ಪೊಲೀಸರು ಅಶ್ರುವಾಯು ಬಿಟ್ಟರು. ಹಲವರು ಗಾಯಗೊಂಡರು, ಹಲವರ ಬಂಧನವಾಯಿತು. ಮರುದಿನ ಬೆಳಿಗ್ಗೆ ಪೊರಕೆ, ಚೀಲ ಹಿಡಿದು ಬೀದಿ ಗುಡಿಸಲು ಬಂದವರಲ್ಲಿ ಅದೇ ಕಾಲೇಜಿನ ವಿದ್ಯಾರ್ಥಿಗಳೂ ಇದ್ದರು. ಆದರೆ ಹೊತ್ತು ಮೀರಿತ್ತು. 2015ರಲ್ಲಿ ನಗರ ಮಂಡಳಿ ಉತ್ಸವಕ್ಕೆ ಅನುಮತಿ ಕೊಡಲಿಲ್ಲ. ಉತ್ಸವ ಲಕೋನಿಯಾ ಎಂಬ ಬೇರೆ ಊರಿಗೆ ಹೋಯಿತು. 2017ರಲ್ಲಿ ಕೀನ್‌ಗೆ ವಾಪಸ್ ಬಂತು, ಆದರೆ ಚಿಕ್ಕದಾಗಿ, ಮುಖ್ಯವಾಗಿ ಮಕ್ಕಳಿಗಾಗಿ.

ಎರಡೂ ಊರುಗಳನ್ನು ಪಕ್ಕ ಪಕ್ಕ ಇಟ್ಟು ನೋಡಿ. ಅನೋಕಾದಲ್ಲಿ ಕಿತಾಪತಿ ಮಾಡುವ ಹುಡುಗರನ್ನೇ ಹಬ್ಬದ ನಡುವೆ ತಂದು ನಿಲ್ಲಿಸಿದರು. ಕೀನ್‌ನಲ್ಲಿ ಕಾಯಿ ಕೊರೆದವರು, ದೀಪ ಹಚ್ಚಿದವರು ಗಲಾಟೆಗೆ ಇಳಿಯಲಿಲ್ಲ. ಅವರಿಗೆ ಅಲ್ಲಿ ಕೈತುಂಬ ಕೆಲಸ ಇತ್ತು. ಗಲಾಟೆ ಎದ್ದದ್ದು ಹಬ್ಬವನ್ನು ಬರೀ ನೆಪ ಮಾಡಿಕೊಂಡವರ ನಡುವೆ. ಅದರ ಬೆಲೆ ಕಟ್ಟಿದ್ದು ಮಾತ್ರ ದೀಪ ಹಚ್ಚಿದವರು.

ನಮ್ಮ ಕಾಲೇಜು ಫೆಸ್ಟುಗಳಿಗೂ ಈ ಮಾತು ಸಲ್ಲುತ್ತೆ. ಗೇಟಿನಾಚೆಯ ಊರಿಗೆ ನಮ್ಮ ಫೆಸ್ಟಿನಿಂದ ತಲುಪುವುದು ಸಾಮಾನ್ಯವಾಗಿ ಡಿಜೆ ಸದ್ದು ಮತ್ತು ಟ್ರಾಫಿಕ್ ಜಾಮ್ ಅಷ್ಟೇ. ಒಂದು ಸಂಜೆಯಾದರೂ ಎದುರಿನ ಟೀ ಅಂಗಡಿಯವರ, ಪಕ್ಕದ ಸರ್ಕಾರಿ ಶಾಲೆಯ ಮಕ್ಕಳ ಕೈಗೆ ವೇದಿಕೆ ಕೊಟ್ಟರೆ ಹೇಗಿರುತ್ತೆ? ಜೊತೆಗೆ, ಪ್ರತಿ ವರ್ಷ ಕೊನೆಯ ಬೆಂಚಿನಲ್ಲಿ ಕೂತು ಕಿತಾಪತಿ ಯೋಚಿಸುವ ಗ್ಯಾಂಗಿಗೆ ಈ ಸಲ ವಾಲಂಟಿಯರ್ ಬ್ಯಾಡ್ಜ್ ಹಾಕಿ ನೋಡಿ. ಅನೋಕಾದಲ್ಲಿ 1920ರಲ್ಲಿ ಮಾಡಿದ್ದು ಹೆಚ್ಚುಕಡಿಮೆ ಅದನ್ನೇ!