ಮೂವತ್ತಮೂರರಲ್ಲಿ ಒಲಿದ ಚಿನ್ನ

ಬೀಜಿಂಗ್ ಒಲಿಂಪಿಕ್ಸ್‌ಗೆ ಹೊರಟಾಗ ಥಾಯ್ಲೆಂಡ್‌ನ ಬಾಕ್ಸರ್ ಸೋಮ್‌ಜಿತ್ ಜೊಂಗ್‌ಜೊಹೊಗೆ 33 ವರ್ಷ. ಹವ್ಯಾಸಿ ಬಾಕ್ಸಿಂಗ್‌ನಲ್ಲಿ ಆಗ ವಯೋಮಿತಿ 34. ಸೋತರೆ ಮುಂದಿನ ಒಲಿಂಪಿಕ್ಸ್ ಎಂಬ ಮಾತೇ ಇರಲಿಲ್ಲ.

ಸೋಮ್‌ಜಿತ್ ಹುಟ್ಟಿದ್ದು ಕಾಂಬೋಡಿಯಾ ಗಡಿಗೆ ತಾಗಿದ ಬುರಿರಾಮ್ ಪ್ರಾಂತ್ಯದಲ್ಲಿ. ಅಲ್ಲಿನ ಹುಡುಗರಂತೆ ಅವರೂ ಮೊದಲು ಕಲಿತದ್ದು ಮುಯಿ ಥಾಯ್. ಮೊಣಕೈ, ಮೊಣಕಾಲು, ಒದೆತ ಎಲ್ಲಕ್ಕೂ ಅವಕಾಶವಿರುವ ಕಾಳಗವದು. ಒಲಿಂಪಿಕ್ ಬಾಕ್ಸಿಂಗ್‌ಗೆ ಬಂದವರು ಅಷ್ಟನ್ನೂ ಬಿಟ್ಟು ಎರಡು ಮುಷ್ಟಿಗಳನ್ನೇ ನೆಚ್ಚಬೇಕು.

ದೇಶದೊಳಗಿನ ಪೈಪೋಟಿಯೂ ಕಠಿಣವಾಗಿತ್ತು. ಒಂದು ತೂಕಕ್ಕೆ ಒಂದು ದೇಶದಿಂದ ಒಬ್ಬರೇ. 2000ದ ಸಿಡ್ನಿಯಲ್ಲಿ 51 ಕೆ.ಜಿ. ಫ್ಲೈವೇಟ್‌ನ ಆ ಸ್ಥಾನ ವಿಜಾನ್ ಪೊನ್‌ಲಿದ್ ಪಾಲಾಯಿತು; ಅವರು ಚಿನ್ನವನ್ನೂ ಗೆದ್ದರು.

ಸೋಮ್‌ಜಿತ್ ಸರದಿ ಬಂದದ್ದು ಆಮೇಲೆ. 2002ರ ಬುಸಾನ್ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ, 2003ರಲ್ಲಿ ತವರಿನ ಬ್ಯಾಂಕಾಕ್‌ನಲ್ಲೇ ವಿಶ್ವ ಚಾಂಪಿಯನ್ ಪಟ್ಟ. ಮರುವರ್ಷ ಅಥೆನ್ಸ್‌ಗೆ ಹೋದಾಗ ಅವರ ಮೇಲೆ ಎಲ್ಲರ ಕಣ್ಣಿತ್ತು. ಅಲ್ಲಿ ಎದುರಾದವರು ಕ್ಯೂಬಾದ ಯುರಿಯೊರ್ಕಿಸ್ ಗಂಬೋವಾ. ಸೋಮ್‌ಜಿತ್ ಪದಕವಿಲ್ಲದೆ ಮರಳಿದರು. ಗಂಬೋವಾ ಚಿನ್ನ ಗೆದ್ದರು.

ಇಂಥ ಹೊತ್ತಿನಲ್ಲಿ ಎಷ್ಟೋ ಮಂದಿ ವೃತ್ತಿಪರ ಬಾಕ್ಸಿಂಗ್‌ನತ್ತ ಹೊರಳುತ್ತಾರೆ. ಸೋಮ್‌ಜಿತ್ ಹವ್ಯಾಸಿ ಬಾಕ್ಸಿಂಗ್‌ನಲ್ಲೇ ಉಳಿದರು. 2006ರ ದೋಹಾದಲ್ಲಿ ಮತ್ತೆ ಏಷ್ಯನ್ ಚಿನ್ನ. 2007ರ ಶಿಕಾಗೊ ವಿಶ್ವ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಅಮೆರಿಕದ ರೌಶಿ ವಾರೆನ್‌ಗೆ ಸೋತು ಬೆಳ್ಳಿ.

ಬೀಜಿಂಗ್‌ನಲ್ಲಿ ಆ ವಾರೆನ್ ಮೊದಲ ಪಂದ್ಯದಲ್ಲೇ ಹೊರಬಿದ್ದರು. ತಾವೇ ಮುಂದಿದ್ದೇವೆಂದು ತಿಳಿದು ಕೊನೆಯ ಸೆಕೆಂಡುಗಳಲ್ಲಿ ಹೊಡೆತ ನಿಲ್ಲಿಸಿದ ಅವರು ಕೊರಿಯಾದ ಲೀ ಓಕ್-ಸುಂಗ್‌ಗೆ ಒಂದೇ ಪಾಯಿಂಟ್‌ನಿಂದ ಶರಣಾದರು. ಭಾರತದ ಜಿತೇಂದರ್ ಕುಮಾರ್ ಇದೇ ತೂಕದಲ್ಲಿ ಕ್ವಾರ್ಟರ್‌ಫೈನಲ್‌ವರೆಗೆ ಹೋರಾಡಿ ರಷ್ಯಾದ ಗಿಯೋರ್ಗಿ ಬಲಾಕ್‌ಶಿನ್‌ಗೆ ಮಣಿದರು.

ಸೋಮ್‌ಜಿತ್ ಮಾತ್ರ ಅವಸರಪಡಲಿಲ್ಲ. ಐವರು ತೀರ್ಪುಗಾರರಲ್ಲಿ ಮೂವರು ಒಂದೇ ಸೆಕೆಂಡಿನೊಳಗೆ ಗುಂಡಿ ಒತ್ತಿದರಷ್ಟೇ ಪಾಯಿಂಟ್ ಸಿಗುತ್ತಿದ್ದ ಕಾಲವದು. ಹತ್ತು ಹೊಡೆತ ಎಸೆಯುವುದಕ್ಕಿಂತ ಎಲ್ಲರಿಗೂ ಕಾಣುವ ಒಂದು ಹೊಡೆತವೇ ಮೇಲು. ಸೆಮಿಫೈನಲ್‌ನಲ್ಲಿ ಇಟಲಿಯ ವಿನ್ಸೆಂಜೊ ಪಿಕಾರ್ಡಿ ವಿರುದ್ಧ 7–1. ಆಗಸ್ಟ್ 23ರ ಫೈನಲ್‌ನಲ್ಲಿ ಮತ್ತೆ ಕ್ಯೂಬಾದ ಎದುರಾಳಿ, ಆಂಡ್ರಿ ಲಫಿಟಾ. ಫಲಿತಾಂಶ 8–2. ಕೊನೆಯ ಎರಡು ಪಂದ್ಯಗಳಲ್ಲಿ ಅವರು ಬಿಟ್ಟುಕೊಟ್ಟದ್ದು ಮೂರೇ ಪಾಯಿಂಟ್!

ಅಟ್ಲಾಂಟಾದಲ್ಲಿ ಸೊಮ್ಲಕ್ ಕಾಮ್‌ಸಿಂಗ್ ದೇಶಕ್ಕೆ ಮೊಟ್ಟಮೊದಲ ಒಲಿಂಪಿಕ್ ಚಿನ್ನ ತಂದ ಮೇಲೆ ಸಿಡ್ನಿಯಲ್ಲಿ ವಿಜಾನ್, ಅಥೆನ್ಸ್‌ನಲ್ಲಿ ಮನುಸ್ ಬೂನ್‌ಜುಮ್ನೊಂಗ್, ಬೀಜಿಂಗ್‌ನಲ್ಲಿ ಸೋಮ್‌ಜಿತ್: ಸತತ ನಾಲ್ಕು ಕೂಟಗಳಲ್ಲಿ ಥಾಯ್ ಬಾಕ್ಸರ್‌ಗಳು ಚಿನ್ನ ಗೆದ್ದಂತಾಯಿತು. 2012ರ ಲಂಡನ್‌ನಲ್ಲಿ ಕೇವ್ ಪೊಂಗ್‌ಪ್ರಯೂನ್ ಚೀನಾದ ಝೌ ಶಿಮಿಂಗ್‌ಗೆ 10–13ರಿಂದ ಸೋತು ಬೆಳ್ಳಿಗೆ ನಿಂತರು. ಟೋಕಿಯೊದಲ್ಲಿ ಸುದಾಪೋನ್ ಸೀಸೊಂಡಿ, ಪ್ಯಾರಿಸ್‌ನಲ್ಲಿ ಜಾಂಜೇಮ್ ಸುವನ್ನಫೆಂಗ್, ಇಬ್ಬರು ಮಹಿಳೆಯರು ಕಂಚು ತಂದರು. ಸೋಮ್‌ಜಿತ್ ನಂತರ ಬಾಕ್ಸಿಂಗ್‌ನ ಐದನೆಯ ಚಿನ್ನಕ್ಕಾಗಿ ಥಾಯ್ಲೆಂಡ್ ಪ್ಯಾರಿಸ್ ಕೂಟದ ಬಳಿಕವೂ ಕಾಯುತ್ತಿದೆ.