ಕೊನೆಯ ಪುಟ ಹರಿದ ಕಾದಂಬರಿ

ಕಂದು ರಟ್ಟು. ಬೆನ್ನಿಗೆ ಬಟ್ಟೆಯ ಪಟ್ಟಿ, ಅದರ ಮೇಲೆ ಬಿಳಿ ಬಣ್ಣದಲ್ಲಿ ಬರೆದ ನಂಬರು. ಒಳಗೆ ಬಾಡಿಗೆ ಲೈಬ್ರರಿಯ ರಬ್ಬರ್ ಸ್ಟಾಂಪು, ಪಕ್ಕದಲ್ಲಿ ಮೂರು ಬೇರೆ ಬೇರೆ ಕೈಬರಹ: ‘ಚೆನ್ನಾಗಿದೆ’, ‘ಪರವಾಗಿಲ್ಲ’, ‘ಹೀರೋ ದಂಡಪಿಂಡ’. ವಿಮರ್ಶಕರು ತಿರುಗಿ ನೋಡದ ಪುಸ್ತಕಕ್ಕೆ ಸಿಕ್ಕ ವಿಮರ್ಶೆ ಇಷ್ಟು. ಮೂರನೆಯದು ನನ್ನ ದೊಡ್ಡಮ್ಮನದೇ ಎಂದು ನನ್ನ ಗುಮಾನಿ.

ಮಧ್ಯಾಹ್ನ ಪಾತ್ರೆ ಬೋರಲು ಹಾಕಿದ ಮೇಲೆ ದೊಡ್ಡಮ್ಮನಿಗೆ ಎರಡು ಗಂಟೆ ಬಿಡುವು. ವಾರಪತ್ರಿಕೆಯ ಧಾರಾವಾಹಿ ಹಾಳೆಗಳನ್ನು ಕತ್ತರಿಸಿ, ದಬ್ಬಣದಲ್ಲಿ ತೂತು ಕೊರೆದು, ಹೂ ಕಟ್ಟುವ ದಾರದಲ್ಲೇ ಹೊಲಿಯುತ್ತಿದ್ದರು. ಒಂದು ಕಂತು ತಪ್ಪಿತೋ, ಹಿಂದಿನ ಬೀದಿಯವರೆಗೂ ಹುಡುಕಾಟ. ಓದುವವರನ್ನು ಹೀಗೆ ಏಳು ದಿನ ಕಾಯಿಸುವುದು ಹುಡುಗಾಟವೇ? ಕಂತು ಎಲ್ಲಿ ನಿಲ್ಲಬೇಕು, ಕಾಗದ ಒಡೆಯುವ ಮುಂಚೆಯೋ, ಒಡೆದು ಮೊದಲ ಸಾಲು ಓದಿದ ಮೇಲೋ? ಈ ಲೆಕ್ಕ ತಪ್ಪಿದರೆ ಮುಂದಿನ ವಾರ ಹಾಳೆಗೆ ಕತ್ತರಿ ಬೀಳುತ್ತಿರಲಿಲ್ಲ.

ಹೆಂಗಸರು ಬರೆದ ಇಂಥ ಕಥೆಗಳನ್ನೆಲ್ಲ ‘ಅಡುಗೆಮನೆ ಸಾಹಿತ್ಯ’ ಎಂದು ಮೂಗು ಮುರಿದವರಿದ್ದರು. 35 ತುಂಬುವ ಮೊದಲೇ, 1963ರಲ್ಲಿ ತೀರಿಕೊಂಡ ಕಾದಂಬರಿಗಾರ್ತಿ ತ್ರಿವೇಣಿಯವರಂಥವರನ್ನೂ ಆ ಮಾತು ಬಿಡಲಿಲ್ಲ. ಅವರ ‘ಬೆಳ್ಳಿಮೋಡ’ವನ್ನೇ ನೋಡಿ. ಇಂದಿರೆಯ ಅಪ್ಪನ ದುಡ್ಡಿನಲ್ಲಿ ಮೋಹನ ಅಮೆರಿಕಕ್ಕೆ ಓದಲು ಹೋಗುತ್ತಾನೆ. ವಾಪಸು ಬರುವಷ್ಟರಲ್ಲಿ ಆ ಮನೆಯಲ್ಲಿ ಗಂಡುಮಗು ಹುಟ್ಟಿದೆ. ಆಸ್ತಿಗೆ ವಾರಸುದಾರ ಬಂದ. ಮೋಹನನಿಗೆ ಹುಡುಗಿಯೂ ಬೇಡವಾದಳು. ಮುಂದೆ ಅವನ ಮನಸ್ಸು ತಿರುಗಿದಾಗ ಒಲ್ಲೆ ಎನ್ನುವ ಸರದಿ ಇಂದಿರೆಯದು. ಪ್ರೀತಿಯೊಳಗಿನ ಜಮಾಖರ್ಚನ್ನು ಇಷ್ಟು ನಿಷ್ಠುರವಾಗಿ ಬಿಚ್ಚಿಟ್ಟ ಕಥೆಯನ್ನು ಜನ ಮುಗಿಬಿದ್ದು ಓದಿದರು. ಪುಟ್ಟಣ್ಣ ಕಣಗಾಲ್ 1967ರಲ್ಲಿ ಅದನ್ನು ತೆರೆಗೆ ತಂದರು. ಮದುವೆಯ ಮಂಟಪದಲ್ಲೇ ಮುಗಿಯಬೇಕೆಂದು ಓದುಗರೇನೂ ಹಟ ಹಿಡಿದಿರಲಿಲ್ಲ.

ಹಾಗೆಂದು ಆ ಲೈಬ್ರರಿಯ ಕಪಾಟಿನಲ್ಲಿದ್ದುದನ್ನೆಲ್ಲ ತಲೆಯ ಮೇಲೆ ಹೊತ್ತು ಮೆರೆಸಲಾರೆ. ಹೀರೋ ಕಾಫಿ ಎಸ್ಟೇಟಿನ ಧಣಿ, ಮೂಗಿನ ತುದಿಯಲ್ಲಿ ಕೋಪ. ಮೂವತ್ತನೇ ಪುಟದಲ್ಲಿ ನಾಯಕಿಯ ಕೆನ್ನೆಗೆ ಬಾರಿಸುತ್ತಾನೆ. ನೂರೆಂಬತ್ತರಲ್ಲಿ ಅವನಿಗೆ ಜ್ವರ, ಹಣೆಗೆ ಒದ್ದೆಬಟ್ಟೆ ಹಾಕುವವಳು ಅವಳೇ. ಸಹಿಸಿದಷ್ಟೂ ನಾಯಕಿಗೆ ಮಾರ್ಕು. ಇಂಥವೂ ಚೆನ್ನಾಗಿಯೇ ಓಡಿದವು. ಓಡಲಿ. ಊರಿಗೆಲ್ಲ ಅದೊಂದೇ ಲೈಬ್ರರಿ, ಅಲ್ಲಿದ್ದುದು ಅವೇ ಪುಸ್ತಕ. ಆ ಗೆಲುವನ್ನು ಬರೆದವರ ಖಾತೆಗೆ ಜಮಾ ಮಾಡಲು ನನಗೆ ಮನಸ್ಸಿಲ್ಲ.

ಇನ್ನೊಂದು ತಮಾಷೆ ಕೇಳಿ. ಎಚ್.ಜಿ. ರಾಧಾದೇವಿಯವರ ‘ಅನುರಾಗದ ಅಂತಃಪುರ’ 1986ರಲ್ಲಿ ರಾಜ್‌ಕುಮಾರ್ ಅವರ ‘ಅನುರಾಗ ಅರಳಿತು’ ಸಿನಿಮಾ ಆಯಿತು. 1992ರಲ್ಲಿ ಅದೇ ಕಥೆ ತಮಿಳಿನಲ್ಲಿ ರಜನೀಕಾಂತರ ‘ಮನ್ನನ್’, ತೆಲುಗಿನಲ್ಲಿ ಚಿರಂಜೀವಿಯವರ ‘ಘರಾನಾ ಮೊಗುಡು’. 1994ರಲ್ಲಿ ಹಿಂದಿಗೆ ಹೋಗಿ ಅನಿಲ್ ಕಪೂರ್ ಅವರ ‘ಲಾಡ್ಲಾ’. ಗಾಂಧಿನಗರದಿಂದ ಮುಂಬಯಿವರೆಗೆ ಸ್ಟಾರುಗಳು ಮೀಸೆ ತಿರುವಿದ ಕಥೆಯ ಬೇರು ಒಬ್ಬ ಹೆಣ್ಣುಮಗಳ ಕಾದಂಬರಿಯಲ್ಲಿತ್ತು. ಆ ಸಿನಿಮಾಗಳನ್ನು ಅಡುಗೆಮನೆ ಸಿನಿಮಾ ಎಂದು ಯಾರಾದರೂ ಕರೆದರೇ? ಥಿಯೇಟರಿನಲ್ಲಿ ಶಿಳ್ಳೆ ಹೊಡೆದು ಮೆಚ್ಚಿದ್ದನ್ನೇ ಹಿತ್ತಲ ಕಟ್ಟೆಯಲ್ಲಿ ಕೂತು ಓದಿದರೆ ಅಭಿರುಚಿ ಕೆಟ್ಟಿತು ಎನ್ನುವ ನ್ಯಾಯ ಯಾವ ಊರಿನದೋ!

ಕಂದು ರಟ್ಟಿನ ಪುಸ್ತಕದ ಹೆಸರು ನನಗೀಗ ಮರೆತಿದೆ. ಕೊನೆಯ ಪುಟ ಹರಿದುಹೋಗಿದ್ದು ಮಾತ್ರ ನೆನಪಿದೆ. ಹಿಂದಿನ ರಟ್ಟಿನ ಒಳಮೈ ಮೇಲೆ ಯಾರೋ ಪುಣ್ಯಾತ್ಗಿತ್ತಿ ಪೆನ್ಸಿಲಿನಲ್ಲಿ ಕಥೆ ಮುಗಿಸಿಕೊಟ್ಟಿದ್ದರು: ‘ಅವನು ತಪ್ಪಾಯಿತು ಅಂದ. ಮದುವೆ ಆಯಿತು.’

ಅದರ ಕೆಳಗೆ, ನೀಲಿ ಶಾಯಿಯಲ್ಲಿ: ‘ಆಗಬಾರದಿತ್ತು.’