ಹೆಪ್ಪು, ಎರೆಮಣ್ಣು ಮತ್ತು ನೆರೆಮನೆ



ಈ ಹೊತ್ತು ತಮ್ಮೊಡನೆ ಆಡಬೇಕೆಂದಿರುವ ಮಾತು ಬಹು ಸಣ್ಣದು. ಒಂದು ಗಡಿಗೆ ಮೊಸರು, ಮಕ್ಕಳು ಮಾಡುವ ಒಂದು ಜೋಡಿ ಮಣ್ಣೆತ್ತು, ಇವೇ ಅದರ ವಿಷಯ. ಇಂಥ ಗೃಹಕೃತ್ಯದ ಸಂಗತಿಯನ್ನು ಹೇಳುವುದಕ್ಕೆ ಕಾಲೇಜಿನ ಅಧ್ಯಾಪಕನೇ ಆಗಬೇಕೆ ಎಂದು ತಾವು ಕೇಳಬಹುದು. ಆಗಬೇಕಾಗಿಲ್ಲ. ಆದರೆ ಇವೆರಡನ್ನೂ ನಾನು ಕಲಿತ ಓಣಿಯ ಮೇಲೆ ಈಗ ನದಿಯ ನೀರು ನಿಂತಿದೆ. ಓಣಿ ಹೋದ ಮೇಲೂ ವಿದ್ಯೆ ಹೇಗೆ ಉಳಿಯಿತೆಂಬುದನ್ನು ಕಂಡವನಾದುದರಿಂದ ಅದನ್ನು ಅರಿಕೆ ಮಾಡಿಕೊಳ್ಳುವ ಬಯಕೆ.

ಆ ಊರು ಕೊಲ್ಹಾರ. ವಿಜಯಪುರದಿಂದ ಹುಬ್ಬಳ್ಳಿಗೆ ಹೋಗುವ ಹೆದ್ದಾರಿಯಲ್ಲಿ, ಕೃಷ್ಣಾನದಿಯ ದಡದಲ್ಲಿದೆ. ಮೊದಲು ಬಸವನ ಬಾಗೇವಾಡಿ ತಾಲ್ಲೂಕಿಗೆ ಸೇರಿದ್ದುದು, ಈಗ ತಾನೇ ಒಂದು ತಾಲ್ಲೂಕಿನ ಮುಖ್ಯಸ್ಥಳವಾಗಿದೆ. ಕೊರ್ತಿಯ ಸೇತುವೆಯನ್ನು ದಾಟುವ ಪ್ರಯಾಣಿಕರಿಗೆ ಈ ಊರಿನ ಹೆಸರು ಕೇಳಿದೊಡನೆ ನೆನಪಾಗುವುದು ಮಣ್ಣಿನ ಗಡಿಗೆಯಲ್ಲಿ ಹೆಪ್ಪಾದ ಗಟ್ಟಿ ಮೊಸರು. ಆಲಮಟ್ಟಿಯ ಅಣೆಕಟ್ಟಿಗೆ ೧೯೬೪ರಲ್ಲಿ ಅಡಿಗಲ್ಲು ಬಿದ್ದಿತು. ಬಹುಕಾಲದ ಮೇಲೆ ನೀರು ನಿಲ್ಲಿಸಲು ತೊಡಗಿದಾಗ ನದಿಯಂಚಿನ ಹಳೆಯ ಊರು ಹಿನ್ನೀರಿನ ಪಾಲಾಯಿತು. ಜನರು ಎತ್ತರದ ನೆಲಕ್ಕೆ ಬಂದು ಹೊಸ ಮನೆಗಳನ್ನು ಕಟ್ಟಿಕೊಂಡರು.

ನಮ್ಮ ದೊಡ್ಡವ್ವನ ಮನೆ ಆ ಹಳೆಯ ಊರಿನಲ್ಲಿದ್ದಿತು. ರಜೆಯಲ್ಲಿ ಹೋದಾಗಲೆಲ್ಲ ಸಂಜೆಯ ಹೊತ್ತು ಆಕೆ ಹಾಲಿಗೆ ಹೆಪ್ಪು ಹಾಕುವುದನ್ನು ನೋಡುವುದು ನನ್ನ ನೇಮವಾಗಿತ್ತು. ಎಮ್ಮೆಯ ಹಾಲನ್ನು ಕುಳ್ಳಿನ ಮಂದವಾದ ಉರಿಯಲ್ಲಿ ಬಹಳ ಹೊತ್ತು ಕಾಸಿ, ಇಳಿಸಿ, ಆರಲು ಬಿಟ್ಟು, ಕಿರುಬೆರಳನ್ನು ಅದ್ದಿ ನೋಡುವಳು. “ಬೆರಳಿಗೆ ಬೆಚ್ಚಗ ಹತ್ತಬೇಕು ತಮ್ಮಾ, ಸುಡಬಾರ್ದು. ಸುಟ್ರ ಹೆಪ್ಪು ಸಾಯ್ತದ,” ಎನ್ನುವಳು. ಹೆಪ್ಪು ಸಾಯುವುದೆಂದರೇನೆಂದು ನಾನು ನಗುತ್ತಿದ್ದೆ. ಪಾಠಶಾಲೆಯ ವಿಜ್ಞಾನವನ್ನು ಓದಿದ ಮೇಲೆ ತಿಳಿಯಿತು, ನಗಬೇಕಾದದ್ದು ನನ್ನ ಅಜ್ಞಾನಕ್ಕೆಂದು.

ಹೆಪ್ಪು ನಿಜವಾಗಿ ಜೀವವುಳ್ಳದ್ದು. ಒಂದು ಚಮಚೆ ಮೊಸರಿನಲ್ಲಿ ಕಣ್ಣಿಗೆ ಕಾಣದ ಕೋಟ್ಯಂತರ ಸೂಕ್ಷ್ಮಜೀವಿಗಳಿರುತ್ತವೆ. ಬಲ್ಗೇರಿಯಾ ದೇಶದ ಗ್ರಿಗೊರೋವ್ ಎಂಬ ವಿದ್ಯಾರ್ಥಿ ೧೯೦೫ರಲ್ಲಿ ಜಿನೀವಾ ನಗರದಲ್ಲಿ ತನ್ನ ನಾಡಿನ ಮೊಸರನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಅದನ್ನು ಹುಳಿಯಾಗಿಸುವ ಜೀವಿಯನ್ನು ಗುರುತಿಸಿದನು. ಇಂಥ ಜೀವಿಗಳು ಹಾಲಿನ ಸಕ್ಕರೆಯನ್ನು ಉಂಡು ಲ್ಯಾಕ್ಟಿಕ್ ಆಮ್ಲವನ್ನು ಬಿಡುತ್ತವೆ. ಹುಳಿ ಏರಿದಂತೆ ಹಾಲಿನ ಕೇಸೀನ್ ಎಂಬ ಸಸಾರಜನಕದ ಕಣಗಳು ಒಂದಕ್ಕೊಂದು ಹತ್ತಿ ಬಲೆಯಂತೆ ಹೆಣೆದುಕೊಂಡು, ನೀರನ್ನೂ ಬೆಣ್ಣೆಯನ್ನೂ ತಮ್ಮೊಳಗೆ ಹಿಡಿದಿಡುತ್ತವೆ. ಅದೇ ಮೊಸರು. ಈ ಜೀವಿಗಳಿಗೆ ಸೆಲ್ಷಿಯಸ್ ಮಾನದಲ್ಲಿ ೪೦ರಿಂದ ೪೫ ಡಿಗ್ರಿಯ ಬಿಸಿ ಹಿತಕರ. ೬೦ ಡಿಗ್ರಿಯನ್ನು ದಾಟಿದ ಹಾಲಿನಲ್ಲಿ ಅವುಗಳಲ್ಲಿ ಬಹುಪಾಲು ಉಳಿಯಲಾರವು. ದೊಡ್ಡವ್ವನ ಕಿರುಬೆರಳು ಉಷ್ಣಮಾಪಕದ ಕೆಲಸವನ್ನೇ ಮಾಡುತ್ತಿದ್ದಿತು.

ಇನ್ನು ಕ್ರಮವನ್ನು ಹೇಳುತ್ತೇನೆ. ಮನೆಯಲ್ಲಿ ಮಾಡಿ ನೋಡಬಹುದು. ಒಂದು ಲೀಟರು ಎಮ್ಮೆಯ ಹಾಲನ್ನು ಸಣ್ಣ ಉರಿಯಲ್ಲಿ ಮುಕ್ಕಾಲು ಪಾಲಾಗುವವರೆಗೆ ಕಾಸಬೇಕು. ಇದರಿಂದ ನೀರು ಕಡಮೆಯಾಗುವುದಲ್ಲದೆ, ಹಾಲಿನ ಇತರ ಸಸಾರಜನಕಗಳು ಕಾವಿಗೆ ಬದಲಾಗಿ ಕೇಸೀನಿನೊಡನೆ ಕೂಡುವುದರಿಂದ ಮೊಸರು ಗಟ್ಟಿಯಾಗುತ್ತದೆ. ಎಮ್ಮೆಯ ಹಾಲಿನಲ್ಲಿ ನೂರಕ್ಕೆ ೬ರಿಂದ ೮ ಭಾಗ ಜಿಡ್ಡಿರುವುದೂ ಅದಕ್ಕೆ ಸಹಾಯಕ. ಬೆರಳಿಗೆ ಬೆಚ್ಚಗೆನಿಸುವಷ್ಟು ಆರಿದ ಮೇಲೆ ಒಂದು ಚಿಕ್ಕ ಚಮಚೆ ಹೆಪ್ಪನ್ನು ಸೇರಿಸಿ, ಗಡಿಗೆಗೆ ಹೊಯ್ದು, ಬಟ್ಟೆ ಮುಚ್ಚಿ, ಅಲುಗಾಡದ ಕಡೆ ಇಡಬೇಕು. ಬೇಸಿಗೆಯಲ್ಲಿ ೬ರಿಂದ ೮ ಗಂಟೆ, ಚಳಿಗಾಲದಲ್ಲಿ ಇಡೀ ರಾತ್ರಿ ಬೇಕಾಗುವುದು. ಹೊಸ ಗಡಿಗೆಯಾದರೆ ಮೊದಲು ಒಂದು ದಿನ ನೀರಿನಲ್ಲಿ ನೆನೆಯಿಟ್ಟು ಒಣಗಿಸಿಕೊಳ್ಳಬೇಕು. ಗಡಿಗೆಯ ಮೈಯಲ್ಲಿರುವ ಸಣ್ಣ ರಂಧ್ರಗಳು ಮೊಸರಿನ ನೀರನ್ನು ತುಸು ಹೀರಿಕೊಳ್ಳುತ್ತವೆ; ಆ ನೀರು ಹೊರಮೈಯಲ್ಲಿ ಆವಿಯಾಗಿ ಒಳಗನ್ನು ತಂಪಾಗಿರಿಸುತ್ತದೆ. ಆದುದರಿಂದ ಗಡಿಗೆಗೆ ಸಾಬೂನು ಸಲ್ಲದು. ಬಿಸಿನೀರಿನಿಂದ ತೊಳೆದು ಬಿಸಿಲಿಗಿಟ್ಟರೆ ಸಾಕು.

ಗಡಿಗೆಯ ಮಾತು ಬಂದುದರಿಂದ ಮಣ್ಣಿನ ಮಾತನ್ನೂ ಮುಂದುವರಿಸುತ್ತೇನೆ. ಆ ಸೀಮೆಯಲ್ಲಿ ಜ್ಯೇಷ್ಠಮಾಸದ ಹುಣ್ಣಿಮೆ ಕಾರಹುಣ್ಣಿಮೆ. ಅಂದು ನಿಜವಾದ ಎತ್ತುಗಳಿಗೆ ಸಿಂಗಾರ. ಅದಾದ ಹದಿನೈದು ದಿನಕ್ಕೆ ಬರುವ ಅಮಾವಾಸ್ಯೆ ಮಣ್ಣೆತ್ತಿನ ಅಮಾವಾಸ್ಯೆ. ಅಂದು ಮಣ್ಣಿನ ಎತ್ತುಗಳಿಗೆ ಪೂಜೆ. ಮುಂಗಾರಿನ ಮೊದಲ ಮಳೆಗೆ ನೆನೆದ ಎರೆಮಣ್ಣನ್ನು ಮಕ್ಕಳು ತಂದು, ಜೋಡೆತ್ತನ್ನೂ ಅವುಗಳ ಮುಂದಿಡಲು ಒಂದು ಗೋದಲಿಯನ್ನೂ ಮಾಡುತ್ತಾರೆ.

ಎರೆಮಣ್ಣು ಬಹು ನುಣುಪು, ಬೇಕಾದ ಆಕಾರಕ್ಕೆ ಬಾಗುವುದು. ಆದರೆ ನೀರು ಕುಡಿದು ಉಬ್ಬುವ ಗುಣ ಅದಕ್ಕಿರುವುದರಿಂದ ಒಣಗುವಾಗ ಕುಗ್ಗಿ ಬಿರಿಯುತ್ತದೆ. ಬೇಸಿಗೆಯ ಹೊಲದಲ್ಲಿ ಕಾಲು ಸಿಕ್ಕುವಷ್ಟು ಬಿರುಕು ಬಿಡುವ ನೆಲವೇ ಇದು. ಆದುದರಿಂದ ನಾಲ್ಕು ಹಿಡಿ ಮಣ್ಣಿಗೆ ಒಂದು ಹಿಡಿ ಸೋಸಿದ ಬೂದಿಯನ್ನೋ ನುಣ್ಣನೆಯ ಮರಳನ್ನೋ ಸೇರಿಸಿ ನಾದಬೇಕು. ಮೈ, ಕುತ್ತಿಗೆಗಳನ್ನು ಒಂದೇ ಉಂಡೆಯಿಂದ ಎಳೆದು ತೆಗೆಯಬೇಕು. ಬೇರೆ ಮಾಡಿ ಅಂಟಿಸಿದ ಕಾಲು ಒಣಗುವಾಗ ಕಳಚುವುದು. ಕಣ್ಣಿಗೆ ಎರಡು ಜೋಳದ ಕಾಳು ಸಾಕು. ನೆರಳಿನಲ್ಲಿ ನಿಧಾನವಾಗಿ ಒಣಗಿಸಬೇಕು. ಬಿಸಿಲಿಗಿಟ್ಟರೆ ಮೇಲ್ಮೈ ಬೇಗ ಕುಗ್ಗಿ ಒಡೆಯುತ್ತದೆ.

ಇಷ್ಟೆಲ್ಲ ಎಚ್ಚರ ವಹಿಸಿದರೂ ಒಂದೆರಡು ಎತ್ತಿನ ಕಾಲು ಮುರಿದೇ ಮುರಿಯುವುದು. ಅದಕ್ಕೂ ಆ ನಾಡಿನ ಜನ ಒಂದು ಗೌರವವನ್ನು ಕಲ್ಪಿಸಿದ್ದಾರೆ. ಹಬ್ಬದ ಮರುದಿನ ಮಕ್ಕಳು ಒಂದು ಕುಂಟೆತ್ತನ್ನು ಹೊತ್ತು ಮನೆಮನೆಗೆ ಹೋಗಿ ಕಾಳು ಬೇಡುತ್ತಾರೆ; ಬಂದುದನ್ನು ಕೂಡಿ ಅಡಿಗೆ ಮಾಡಿಸಿ ಎಲ್ಲರೂ ಒಟ್ಟಿಗೆ ಉಣ್ಣುತ್ತಾರೆ. ನಮ್ಮ ಓಣಿಯಲ್ಲಿ ಆ ಜೋಳ ದೊಡ್ಡವ್ವನ ಬೀಸುಕಲ್ಲಿಗೆ ಬರುತ್ತಿದ್ದಿತು. ಗೋಧಿಯ ಜಿಗುಟು ಜೋಳಕ್ಕಿಲ್ಲವಾದುದರಿಂದ ಕುದಿಯುವ ನೀರು ಹೊಯ್ದು ನಾದಿದರೇ ಹಿಟ್ಟು ಕೂಡಿಕೊಳ್ಳುವುದು. ನೆರೆಮನೆಯ ಹೆಂಗಸರು ಸುತ್ತ ಕುಳಿತು ರೊಟ್ಟಿ ಬಡಿಯುವರು. ಮಕ್ಕಳಿಗೆ ಶೇಂಗಾ ಕುಟ್ಟಿ ಹಿಂಡಿ ಮಾಡುವ ಕೆಲಸ. ಮೇಲೆ ಗಡಿಗೆಯ ಮೊಸರು. ನಗರದ ಉಪಾಹಾರಗೃಹಗಳಲ್ಲಿ ಹಣ ತೆತ್ತು ಎಷ್ಟೋ ಬಗೆ ತಿಂದಿದ್ದೇನೆ, ಆ ರುಚಿ ಮತ್ತೆ ಸಿಕ್ಕಿಲ್ಲ.

ಊರು ಬಿಡುವ ದಿನ ಬಂದಿತು. ಬಾಗಿಲು, ತೊಲೆ, ಪೆಟ್ಟಿಗೆಗಳು ಟ್ರ್ಯಾಕ್ಟರನ್ನು ಏರಿದವು. ದೊಡ್ಡವ್ವ ಹೆಪ್ಪಿನ ಗಡಿಗೆಯನ್ನು ಯಾರ ಕೈಗೂ ಕೊಡದೆ ಮಡಿಲಲ್ಲಿಟ್ಟುಕೊಂಡು ಕುಳಿತಳು. ಹೊಸ ಮನೆಯ ಮುಂದೆ ಇಳಿಯುವಾಗ ಅದು ಜಾರಿ ಒಡೆಯಿತು. ಮನೆಯನ್ನು ಬಿಡುವಾಗ ಅಳದಿದ್ದವಳು ಆಗ ಅತ್ತಳು. ಅತ್ತೆಯ ಕಾಲದಿಂದ ಒಂದು ದಿನವೂ ತಪ್ಪದೆ ಇಂದಿನ ಮೊಸರಿನಿಂದ ನಾಳಿನದಾಗಿ ಬಂದ ಹೆಪ್ಪು ಅದು. ಸಂಜೆ, ಹಳೆಯ ಓಣಿಯಲ್ಲಿ ಎದುರುಮನೆಯಲ್ಲಿದ್ದಾಕೆ ಒಂದು ಬಟ್ಟಲಿನೊಂದಿಗೆ ಬಂದಳು. “ಅಳ್ತೀ ಯಾಕ ಅಕ್ಕಾ? ಇದು ನಿನ್ನ ಮನಿದ ಹೆಪ್ಪ. ನಾ ಮದಿವ್ಯಾಗಿ ಬಂದ ವರ್ಷ ನೀನಽ ಕೊಟ್ಟಿದ್ದಿ,” ಎಂದಳು. ಮರುದಿನ ಬೆಳಗ್ಗೆ ಹೊಸ ಮನೆಯಲ್ಲಿ ಹಳೆಯ ಮೊಸರೇ ಹೆಪ್ಪಾಯಿತು.

ಶ್ರೋತೃಗಳೇ, ನಾನು ಹೇಳಬೇಕೆಂದಿದ್ದ ಮಾತು ಇಷ್ಟೆ. ದೊಡ್ಡವ್ವ ಮಡಿಲಲ್ಲಿ ಕಾದುಕೊಂಡ ಹೆಪ್ಪು ಹೋಯಿತು. ನೆರೆಮನೆಗೆ ಕೊಟ್ಟದ್ದು ಉಳಿಯಿತು. ಮನೆಯ ಸಣ್ಣ ವಿದ್ಯೆಗಳೆಲ್ಲಕ್ಕೂ ಇದೇ ಮಾತು ಸಲ್ಲುವುದು. ನಗರವಾಸಿಗಳಾದ ನಮ್ಮ ಮನೆಗಳಿಗೆ ಯಾವ ಜಲಾಶಯವೂ ನುಗ್ಗಿಲ್ಲ. ಆದರೂ ನಮ್ಮ ಮೊಸರು ಅಂಗಡಿಯಿಂದ ಬರುತ್ತಿದೆ, ಮಕ್ಕಳ ಆಟಿಕೆಯೂ ಅಲ್ಲಿಂದಲೇ ಬರುತ್ತಿದೆ. ಬರುವ ಆದಿತ್ಯವಾರ ನೆರೆಮನೆಯ ಮಕ್ಕಳನ್ನೂ ಕರೆದು ಒಂದು ಗಡಿಗೆಗೆ ಹೆಪ್ಪು ಹಾಕಿ, ಒಂದು ಉಂಡೆ ಮಣ್ಣನ್ನು ಅವರ ಕೈಗೆ ಕೊಡಿ. ಎತ್ತಿನ ಕಾಲು ಮುರಿದರೆ ಚಿಂತೆಯಿಲ್ಲ, ಅದಕ್ಕೂ ಊಟವುಂಟು. ಮರುದಿನ ಮೊಸರು ಚೆನ್ನಾಗಿ ಹೆಪ್ಪಾದರೆ, ತಾವು ಉಣ್ಣುವ ಮೊದಲು ಒಂದು ಬಟ್ಟಲನ್ನು ಪಕ್ಕದ ಮನೆಗೆ ಕಳುಹಿಸಿರಿ.